ಕಂಪನಿಗೆ ಮೂರು ನಿಮಿಷ

ಎಲ್ಲಿಂದ ಶುರು ಮಾಡಲಿ ಹೇಳಿ. ಮೊದಲು ವಾಷಿಂಗ್ಟನ್ನಿನ ದೊಡ್ಡ ಕೋರ್ಟಿನಿಂದ ಶುರು ಮಾಡಿದ್ದೆ: 'ಚುನಾವಣೆಯಲ್ಲಿ ಕಂಪನಿ ಸುರಿಯುವ ದುಡ್ಡೂ ಮಾತೇ, ಅದರ ಬಾಯಿ ಕಟ್ಟುವಂತಿಲ್ಲ ಎಂದು ನ್ಯಾಯಮೂರ್ತಿಗಳು...' ವಿಲ್ಮಾ ಓದಿ ಹಾಳೆ ವಾಪಸ್ ತಳ್ಳಿದಳು.

"ಇದನ್ನ ಯಾರು ಓದ್ತಾರೋ ಎಲ್ರಾಯ್? ನಿನ್ನ ಅಂಗಡಿಯಿಂದ ಶುರು ಮಾಡು."

೧. ಅಮೆರಿಕದ ಮೊಂಟಾನಾ ರಾಜ್ಯದ ನಮ್ಮೂರಿನಲ್ಲಿ ಇರುವುದು ಒಂದೇ ಪ್ರಿಂಟಿಂಗ್ ಪ್ರೆಸ್. ಅದು ನನ್ನದು. ವಿಲ್ಮಾ ಪೆಟ್ರಿಚ್ ಇಪ್ಪತ್ತಾರು ವರ್ಷದಿಂದ ಶಾಲೆಯ ಬಸ್ ಓಡಿಸುತ್ತಿದ್ದಾಳೆ. ಹೊಳೆಯ ಮೇಲ್ಗಡೆ ತಾಮ್ರದ ಗಣಿ ಬರುತ್ತದೆ ಎಂದಾಗ, ಬೇಡ ಎಂದು ಕೌಂಟಿ, ಅಂದರೆ ಜಿಲ್ಲಾ ಮಂಡಳಿಯ ಚುನಾವಣೆಗೆ ನಿಂತಳು. ಅಕ್ಟೋಬರಿನಲ್ಲಿ 'ಶುದ್ಧ ನೀರಿನ ನೆರೆಹೊರೆ' ಎಂಬ ಸಂಘದಿಂದ ನನಗೊಂದು ಕರಪತ್ರದ ಆರ್ಡರ್ ಬಂತು; ಅಚ್ಚು ಹಾಕಿಕೊಟ್ಟೆ. (ಆ ನೆರೆಹೊರೆಯವರಲ್ಲಿ ಒಬ್ಬರೂ ನಮ್ಮೂರಿನವರಲ್ಲ. ದುಡ್ಡು ಗಣಿ ಕಂಪನಿಯದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದ ಕರಡೂ ಒಂದಿತ್ತು; ಹರಿದು ಹಾಕಿದೆ.) ಕರಪತ್ರದಲ್ಲಿ ಕಣ್ಣು ಮುಚ್ಚಿದ ವಿಲ್ಮಾಳ ಫೋಟೋ. ಕೆಳಗೆ ದಪ್ಪಕ್ಷರ: 'ನಿಮ್ಮ ಮಗು ಕೂತ ಬಸ್ಸಿನಲ್ಲಿ ಇವರು ತೂಕಡಿಸುತ್ತಾರೆಯೇ?'

೨. ಅವಳು ಚುನಾವಣಾ ಕಚೇರಿಗೆ ದೂರು ಕೊಟ್ಟಳು. "ಸುಳ್ಳು ಅಂತ ಹೇಗೆ ಹೇಳೋಣ ಮೇಡಂ, ಬರೀ ಪ್ರಶ್ನೆ ಕೇಳಿದ್ದಾರಲ್ಲ," ಎಂದರಂತೆ. "ಅವರಿಗೂ ಮಾತಾಡೋ ಹಕ್ಕಿದೆ."

ಆ ವಾರ ಸಾರ್ವಜನಿಕ ಸಭೆಯಿತ್ತು. ಮಾತಾಡಲು ತಲೆಗೆ ಮೂರು ನಿಮಿಷ. ವಿಲ್ಮಾ ಮೈಕಿನ ಹತ್ತಿರ ಬಂದು ಹೇಳಿದಳು: "ನನ್ನ ಮೂರು ನಿಮಿಷ ಕಂಪನಿಗೆ ಕೊಟ್ಟೆ. ಅದಕ್ಕೂ ಮಾತಿದೆಯಂತಲ್ಲ. ಬರಲಿ. ನಾನು ತೂಕಡಿಸಿದ್ದನ್ನ ಯಾವತ್ತು ನೋಡ್ತು, ನನ್ನ ಮುಖ ನೋಡಿ ಹೇಳಲಿ."

ಮುಂದಿನ ಸಾಲಿನಿಂದ ಕಂಪನಿಯ ವಕೀಲ ಎದ್ದ.

"ನಿನ್ನನ್ನಲ್ಲಪ್ಪ ಕರೆದಿದ್ದು. ಕೂತ್ಕೋ."

ಅವನು ಕೂತ. ಮೂರು ನಿಮಿಷ ಇಡೀ ಸಭೆ ಖಾಲಿ ಮೈಕನ್ನೇ ನೋಡಿತು. ಎರಡನೇ ಸಾಲಿನಲ್ಲಿ ನಾನಿದ್ದೆ. ನನಗೆ ಬಾಯಿಯಿತ್ತು, ಎಲ್ಲ ಗೊತ್ತೂ ಇತ್ತು. ಎದ್ದು ಹೇಳಿದೆ ಎಂದು ಬರೆಯಲು ಎಷ್ಟು ಆಸೆ ಗೊತ್ತೇ?

೩. ಒಂದು ಅಂತ್ಯ: ವಿಲ್ಮಾ ಗೆದ್ದಳು.

"ನಲವತ್ತೊಂದು ಓಟಿನಿಂದ ಸೋತೆ. ಹಾಗೇ ಬರಿ."

ಇನ್ನೊಂದು: ನಾನು ಸಭೆಯಲ್ಲಿ ಎದ್ದು ನಿಂತೆ.

"ಮಾಡದ್ದನ್ನ ಬರೀಬೇಡ ಮಾರಾಯ. ಅಷ್ಟು ಮನಸ್ಸು ಚುಚ್ಚಿದರೆ ಈಗ ಮಾಡು."

ಮಾಡಿದೆ. ನನ್ನದೇ ಒಂದು ಕರಪತ್ರ ಅಚ್ಚು ಹಾಕಿದೆ: 'ಆ ಕರಪತ್ರ ಅಚ್ಚು ಹಾಕಿದವನು ನಾನು. ಹಾಕಿಸಿದ್ದು ಗಣಿ ಕಂಪನಿ. ವಿಲ್ಮಾ ತೂಕಡಿಸಿದ್ದನ್ನು ಇಬ್ಬರೂ ಕಂಡಿಲ್ಲ.' ಕೆಳಗೆ ನನ್ನ ಹೆಸರು. ಮನೆಮನೆಗೂ ಹಂಚಿದೆ. ಹತ್ತೇ ದಿನಕ್ಕೆ ವಕೀಲರ ನೋಟಿಸು: ಕಂಪನಿಯ ಮಾನ ಹೋಗಿದೆಯಂತೆ. ಮಾತು ಬಂದ ಮೇಲೆ ಮಾನವೂ ಬಂದಿದೆ ಅದಕ್ಕೆ. ವಿಲ್ಮಾಳ ಮಾನಕ್ಕೆ ನೋಟಿಸು ಕಳಿಸುವವರು ಯಾರು?

ಕೊನೆಗೇನಾಯಿತು ಎಂದು ಕೇಳಬೇಡಿ, ನನ್ನ ಹತ್ತಿರ ಕೊನೆಯಿಲ್ಲ. ಕೇಸು ನಡೆಯುತ್ತಿದೆ. ಗಣಿಯ ಅರ್ಜಿಯೂ ನಡೆಯುತ್ತಿದೆ. ಇವತ್ತು ಬೆಳಿಗ್ಗೆಯೂ ಒಬ್ಬ ತಾಯಿ ಮಗಳನ್ನು ಬಸ್ ಹತ್ತಿಸದೆ ತನ್ನ ಪಿಕಪ್‌ನಲ್ಲೇ ಕೂರಿಸಿಕೊಂಡು ಹೊರಟಳು. ರಸ್ತೆ ಪೂರ್ತಿ ಹಿಮ ಗಟ್ಟಿಯಾಗಿತ್ತು. ಮುಂದೆ ಬಸ್ಸಿನಲ್ಲಿ ಹೋಗುತ್ತಿದ್ದ ವಿಲ್ಮಾ ಪ್ರತಿ ತಿರುವಿನಲ್ಲೂ ಬ್ರೇಕ್ ದೀಪ ಮಿನುಗಿಸಿ, ಹಿಂದಿನವಳಿಗೆ ನಿಧಾನ ಎಂದು ತೋರಿಸುತ್ತಾ ಹೋದಳು.