ಗಾಡಿ ಉಸಿರೆಳೆಯುವ ಜಾಗ

ಸೆನ್ಸಾರ್ ಕೆಟ್ಟಿದೆ ಎಂದರೆ ಜನ ಮುಖ ಗಂಟು ಹಾಕಿಕೊಳ್ಳುತ್ತಾರೆ. ಪೆದ್ದರು. ನಮ್ಮ ಧಂದೆಯಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಹಳೆಯದನ್ನು ಬಿಚ್ಚು, ಹೊಸದನ್ನು ಹಾಕು, ಮುಗಿಯಿತು. ಅವತ್ತು ಮಾಳುವಿನ ಗಾಡಿ ಅಥಣಿಯ ನನ್ನ ಗ್ಯಾರೇಜಿನ ಮುಂದೆ ಬಂದು ನಿಂತಾಗ, ಕೆಟ್ಟಿರುವುದು ಸೆನ್ಸಾರೇ ಆಗಿರಲಿ ಎಂದು ನಾನು ಅಲ್ಲಾನನ್ನು ಬೇಡಿಕೊಂಡೆ.

ಮಾಳು ತೆಲಸಂಗದ ಕುರಿಗಾರ. ಹೆಂಡತಿ ಮನಿಷಾಳ ಗಂಟಲಲ್ಲಿ ಗಡ್ಡೆ. ಮಿರಜದ ದವಾಖಾನೆಯಲ್ಲಿ ದಿನಾ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸುತ್ತಿದ್ದರು. ನಡುವೆ ಬಿಟ್ಟರೆ ಇಷ್ಟು ದಿನ ಕೊಟ್ಟದ್ದೂ ವ್ಯರ್ಥ ಎಂದು ಡಾಕ್ಟರು ಬಿಡಿಸಿ ಹೇಳಿದ್ದರಂತೆ. ಮೊದಮೊದಲು ಬಸ್ಸಿನಲ್ಲೇ ಹೋದರು. ಒಮ್ಮೆ ಕಾಗವಾಡ ಸ್ಟ್ಯಾಂಡಿನಲ್ಲಿ ಆಕೆ ಉಸಿರುಗಟ್ಟಿ ಬಿದ್ದ ಮೇಲೆ ಮಾಳು ಅರ್ಧ ಹಿಂಡು ಮಾರಿ ಈ ಹಳೆಯ ಡೀಸೆಲ್ ಗಾಡಿ ಕೊಂಡ. ಬಾಡಿಗೆ ಗಾಡಿ ಅವರ ಕೈಗೆ ಎಟುಕುವ ಮಾತೇ ಅಲ್ಲ. ಮಿರಜದಲ್ಲೇ ಉಳಿಯೋಣವೆಂದರೆ ಉಳಿದ ಕುರಿಗಳ ಹಿಂದೆ ಹೋಗುವವರು ಯಾರು?

ಮಾಳು ಇಳಿದವನೇ, "ಮಾಮಾ, ಏರಿಗೆ ಎಳೀವಲ್ದು ನೋಡ್ರಿ. ಐಗಳಿ ಹತ್ರ ಬರೂದ್ರಾಗ ಉಸರ ಬಿಡಾಕತ್ತು" ಎಂದ. ಅವನ ತಾಯಿ ಹೊಳೆವ್ವ ಸೊಂಟದ ಭಂಡಾರದ ಚೀಲ ಹಿಡಿದುಕೊಂಡೇ ಇಳಿದಳು. ಮನಿಷಾ ಹಿಂದಿನ ಸೀಟಿನಲ್ಲಿ ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತೇ ಇದ್ದಳು. ಆಕೆಯ ಉಸಿರು ಸಿಳ್ಳೆ ಹೊಡೆಯುವುದು ಹೊರಗೂ ಕೇಳುತ್ತಿತ್ತು. ಗಾಡಿಯ ಹೊಗೆಯಲ್ಲಿ ಎಂಜಿನ್ ಆಯಿಲ್ ಸುಡುವ ನೀಲಿ ಬಣ್ಣ ಬೆರೆತಿತ್ತು. ನೋಡಿಯೂ ನೋಡದವನಂತೆ ಬಾನೆಟ್ ಎತ್ತಿದೆ.

ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತಿದೆ ಎಂದು ಅಳೆಯುವ ಸೆನ್ಸಾರೊಂದು ಗಾಳಿಯ ಪೈಪಿನಲ್ಲಿ ಕೂತಿರುತ್ತದೆ. ಅದು ಹೇಳಿದಷ್ಟೇ ಡೀಸೆಲ್ ಒಳಗೆ ಹೋಗುವುದು. ಅದು ಸುಳ್ಳು ಹೇಳಿದರೆ ಗಾಡಿ ಹೊಗೆ ಕಾರುತ್ತದೆ, ಏರು ಹತ್ತುವುದಿಲ್ಲ. ಪರೀಕ್ಷೆ ಸುಲಭ: ಎಂಜಿನ್ ಚಾಲೂ ಇರುವಾಗಲೇ ಸೆನ್ಸಾರಿನ ವೈರು ಕೀಳಬೇಕು. ಎಂಜಿನ್ ತಡವರಿಸಿದರೆ ಸೆನ್ಸಾರಿಗೆ ಜೀವ ಇದೆ. ಏನೂ ಫರಕು ಬೀಳದಿದ್ದರೆ ಅದು ಸತ್ತಿದೆ.

ಕಿತ್ತೆ. ಫರಕು ಬೀಳಲಿಲ್ಲ.

ನನಗಾದ ಖುಷಿ ಹೇಳತೀರದು. "ಸಿಕ್ತು ಬಿಡೋ ಮಾಳ್ಯಾ! ಸೆನ್ಸಾರ ಹೋಗೇತಿ" ಎಂದು ಕೂಗಿದೆ. ಗಾಡಿಯೊಳಗೆ ಮನಿಷಾ ಕಣ್ಣು ತೆರೆದು ನಕ್ಕಳು. ಆ ನಗು ನನಗೆ ಈಗಲೂ ಮರೆಯಲಾಗಿಲ್ಲ.

ಸ್ಕ್ರೂ ಬಿಚ್ಚಿ ಸೆನ್ಸಾರ್ ಹೊರಗೆ ತೆಗೆದೆ. ಕೂದಲೆಳೆಯಂಥ ಅದರ ತಂತಿಯ ಮೇಲೆ ಹಳದಿ ಬಣ್ಣದ್ದೇನೋ ಮೆತ್ತಿಕೊಂಡಿತ್ತು. ಮೂಸಿದೆ. ಅರಿಶಿನ.

"ಇದೇನಬೇ ಯವ್ವಾ?"

"ನಮ್ಮ ಹಾಲಸಿದ್ದ ದೇವರ ಭಂಡಾರ, ತಮ್ಮಾ" ಎಂದಳು ಹೊಳೆವ್ವ. "ಗಾಡಿ ಉಸರ ಎಳಿಯೂ ಜಾಗಾ ಯಾವ್ದೋ ಅಂತ ಮಾಳೂನ್ನ ಕೇಳಿದ್ನಿ. ಪೈಪ್ ತೋರಿಸ್ದ. ನನ್ನ ಸೊಸಿದೂ ಉಸರಿಂದ ತ್ರಾಸ ಅಲ್ಲೇನು? ದಿನಾ ಹೊಂಡೂ ಮುಂದ ಅಲ್ಲಿ ಒಂದ ಚಿಟಿಕಿ ಹಾಕ್ತೀನಿ. ಗಾಡಿಗೂ ಉಸರ ಕೊಡಪಾ, ಆಕಿಗೂ ಕೊಡಪಾ ಅಂತ."

ಪೈಪಿನ ಬಾಯಿಗೆ ಬಿದ್ದದ್ದು ಫಿಲ್ಟರಿನಲ್ಲೇ ನಿಲ್ಲಬೇಕು, ಸೆನ್ಸಾರಿನತನಕ ಬರುವಂತಿಲ್ಲ. ಫಿಲ್ಟರಿನ ಡಬ್ಬಿ ತೆರೆದರೆ ಒಳಗೆ ಖಾಲಿ.

"ಫಿಲ್ಟರ್ ಎಲ್ಲೈತೋ?"

"ದೇವರ ಜಗಲಿ ಮ್ಯಾಲ ಐತ್ರಿ" ಎಂದ ಮಾಳು. "ಭಂಡಾರ ತುಂಬಿ ಗಾಡಿ ಜಗ್ಗವಲ್ದಾಗಿತ್ತು, ತೆಗದ್ನಿ. ಭಂಡಾರ ಹತ್ತಿದ್ದು, ಕಾಲ ಬೀಳೂ ಜಾಗಾದಾಗ ಒಗ್ಯಾಕ ಆಗತೈತೇನ್ರಿ? ಒಯ್ದು ಜಗಲಿ ಮ್ಯಾಲ ಇಟ್ಟೀವಿ. ತೆಗದ ಮ್ಯಾಲ ಗಾಡಿ ಕುದರಿ ಓಡಿದಂಗ ಓಡತಿತ್ರಿ. ದೇವರಿಗೆ ಅದ ಅಡ್ಡ ಇತ್ತಂತ ಹೊಸಾದು ಹಾಕ್ಲಿಲ್ಲ."

ನಾಲಗೆಯ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳಿನ ಹಿಂದೆ ಮಿರಜಕ್ಕೆ ದಿನಾ ಹೋಗಿ ಬಂದಿದೆ ಈ ಗಾಡಿ, ಫಿಲ್ಟರ್ ಇಲ್ಲದೆ. ದಾರಿಯ ಮಣ್ಣೆಲ್ಲ ಎಂಜಿನ್ನಿನ ಹೊಟ್ಟೆಗೆ ಹೋಗಿದೆ.

ಆದರೂ ಮನಸ್ಸು ಒಪ್ಪಲಿಲ್ಲ. ಸೆನ್ಸಾರಿಗೆ ಸ್ಪ್ರೇ ಹೊಡೆದು ತೊಳೆದು ಒಣಗಿಸಿ ಹಾಕಿದೆ. ಎಳೆಯಲಿಲ್ಲ. ಸರ್ವಿಸಿಗೆ ಬಂದು ನಿಂತಿದ್ದ ಇನ್ನೊಂದು ಅಂಥದೇ ಗಾಡಿಯ ಒಳ್ಳೆಯ ಸೆನ್ಸಾರ್ ಬಿಚ್ಚಿ ತಂದು ಹಾಕಿದೆ. ಆಗಲೂ ಇಲ್ಲ. ಹಿಂದೆ ನೀಲಿ ಹೊಗೆ ಏಳುತ್ತಲೇ ಇತ್ತು. ಮಾಡಲೇಬಾರದು ಎಂದುಕೊಂಡಿದ್ದ ಪರೀಕ್ಷೆ ಒಂದು ಉಳಿದಿತ್ತು. ಚಾಲೂ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದೆ. ಮುದುಕ ಬೀಡಿ ಸೇದಿದಂತೆ ಪಫ್ ಪಫ್ ಎಂದು ಹೊಗೆ ಬಂತು. ಧೂಳು ತಿಂದು ಪಿಸ್ಟನ್ ರಿಂಗುಗಳು ಸವೆದುಹೋಗಿದ್ದವು.

ಮಾಳುವನ್ನು ಗಾಡಿಯ ಹಿಂದಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದೆ. "ಎಂಜಿನ್ನ ಮುಗದೈತೋ. ಸೆನ್ಸಾರಿಂದ ಆಗೂ ಕೆಲಸ ಅಲ್ಲ. ಇನ್ನ ಮಿರಜಾ ಮುಟ್ಟೂದಿಲ್ಲ ಇದು. ಎಂಜಿನ್ನ ಇಳಿಸಿ ಮಾಡ್ಸೂದ್ರಾಗ ಆಕಿ..." ಮಾಳು ಬಂಪರ್ ಹಿಡಿದು ಹಾಗೇ ನೆಲಕ್ಕೆ ಕೂತ. "ನಾನ... ನಾನ ತೆಗದ್ನಿ ಮಾಮಾ" ಎಂದ.

ಆ ಇನ್ನೊಂದು ಗಾಡಿಯ ಚಾವಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದು ಗಳಿಗೆ ಅದನ್ನೇ ನೋಡಿದೆ. ಅದು ಬೇರೆಯವರ ಗಾಡಿ. ಒಂದು ದಿನದ ಮಟ್ಟಿಗೆ ಕದ್ದು ಕೊಟ್ಟೇನು, ಮರುದಿನ?

ಅಷ್ಟರಲ್ಲಿ ಹಿಂದಿನ ಕಿಟಕಿಯಿಂದ ಕೈಯೊಂದು ಹೊರಬಂದು ನನ್ನ ಅಂಗಿ ಎಳೆಯಿತು. ಮನಿಷಾ. ಕಿಟಕಿಯ ಗಾಜು ಇಳಿದೇ ಇದ್ದದ್ದನ್ನು ನಾನು ಗಮನಿಸಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದಳು. ದನಿ ಹೊರಡದೆ ತುಟಿಯಲ್ಲೇ ಹೇಳಿದಳು: "ಅಣ್ಣಾರ, ಅತ್ತೆವ್ವಗ ಹೇಳಬ್ಯಾಡ್ರಿ. ತಾ ಹಾಕಿದ ಭಂಡಾರದಿಂದ ಆತಂದ್ರ ಆಕಿ ಬದುಕೂದಿಲ್ಲ. ಸೆನ್ಸಾರ ಅಂತನ ಹೇಳ್ರಿ."

"ನಿನ್ನ ಗತಿ ಏನ್ ತಂಗಿ?"

ಆಕೆ ಟವೆಲ್ ಸರಿಮಾಡಿಕೊಂಡು ಸೀಟಿಗೆ ಒರಗಿದಳು.

ಹೊಳೆವ್ವ ಬಾನೆಟ್ಟಿನ ಹತ್ತಿರವೇ ಕಾಯುತ್ತಿದ್ದಳು. "ಏನಾಗೇತಿ, ತಮ್ಮಾ?"

"ಸೆನ್ಸಾರ, ಯವ್ವಾ" ಎಂದೆ. ಅವರ ಹಳೆಯ ಸೆನ್ಸಾರನ್ನು ಅಂಗೈಯಲ್ಲಿಟ್ಟು ತೋರಿಸಿದೆ. "ಕೊಲ್ಲಾಪುರದಿಂದ ಬರಬೇಕು."

"ಇಷ್ಟ ಸಣ್ಣ ಸಾಮಾನು! ಸುಳ್ಳ ಅಂಜಿಸಿಬಿಟ್ಟಿ" ಎಂದು ಮುದುಕಿ ಮುಖ ಅರಳಿಸಿದಳು. ಗಾಡಿಯತ್ತ ತಿರುಗಿ, "ಕೇಳಿದೇನ ಮನಿಷಾ? ಸಣ್ಣ ಸಾಮಾನಂತ. ಒಂದೆರಡ ದಿನ ಅಷ್ಟ" ಎಂದಳು. ಒಳಗಿನಿಂದ ಮನಿಷಾ ಹೂಂ ಎಂದು ತಲೆಯಾಡಿಸಿದಳು.

ಹೊಳೆವ್ವ ಚೀಲದ ಗಂಟು ಬಿಚ್ಚಿದಳು. ಮೊದಲು ನನ್ನ ಹಣೆಗೆ ಭಂಡಾರ ಹಚ್ಚಿದಳು, ಆಮೇಲೆ ನನ್ನ ಕೈಯಲ್ಲಿದ್ದ ಸೆನ್ಸಾರಿಗೆ. ಇನ್ನೊಂದು ಚಿಟಿಕೆ ಹಿಡಿದು ತೆರೆದ ಪೈಪಿನ ಕಡೆಗೆ ಬಗ್ಗಿದಳು.

ಬೇಡವೆನ್ನಲು ಬಾಯಿ ತೆರೆದೆ. ಆ ಎಂಜಿನ್ನಿನಲ್ಲಿ ಇನ್ನು ಕೆಡುವಂಥದ್ದು ಏನೂ ಉಳಿದಿರಲಿಲ್ಲ. ಆಕೆಯ ಕೈಗೆ ಎಟುಕಲಿ ಎಂದು ಬಾನೆಟ್ಟನ್ನು ಇನ್ನಷ್ಟು ಎತ್ತಿ ಹಿಡಿದೆ.