ಕೆಂಪು ಗುಂಡಿ ಒತ್ತಿದವನು ನಾನೇ

ಕೆಲಸ ಮುಗಿಸಿ ಮನೆಯ ಹೊಸ್ತಿಲು ದಾಟಿದ ಕೂಡಲೇ ನನ್ನ ಹೆಂಡತಿಯ ಮುಖ ಕಲ್ಲಾಗುತ್ತಿತ್ತು. ಚೀಲವನ್ನು ಮೊಳೆಗೆ ತೂಗುಹಾಕಿ ಗೋಡೆಗೆ ಒರಗಿ ಕೂತರೆ ಮುಗಿಯಿತು. ಕೇಳಿದ್ದಕ್ಕೆಲ್ಲ ಹೂಂ, ಉಹೂಂ. ಮಗಳು ಶಾಲೆಯ ಸುದ್ದಿ ಹೇಳಿದರೂ ಹೂಂ.

ನಾನು ಗಾಡಿ ರಿಪೇರಿ ಮಾಡುವವನು. ಮುಂಗೋಪಿ ಎಂದು ಬೀದಿಗೆಲ್ಲ ಗೊತ್ತು. ದಣಿದಿದ್ದಾಳೆ ಎಂದು ಬಹಳ ದಿನ ಸುಮ್ಮನಿದ್ದೆ. ಒಂದು ಮಧ್ಯಾಹ್ನ ಆ ತಾಳ್ಮೆ ಕೆಟ್ಟಿತು.

ಅವಳು ಫ್ಯಾನು, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಮಾರುವ ದೊಡ್ಡ ಅಂಗಡಿಯಲ್ಲಿ ದೂರಿನ ಕೌಂಟರಿನಲ್ಲಿ ಕೂರುತ್ತಾಳೆ. ಕೆಟ್ಟ ಸಾಮಾನು ಹಿಡಿದು ಬಂದವರೆಲ್ಲ ಅವಳ ಮುಂದೆಯೇ ನಿಲ್ಲಬೇಕು. ಅಂದು ಬುತ್ತಿ ಮರೆತು ಹೋಗಿದ್ದಳು. ಕೊಡಲು ಹೋದೆ. ಗಾಜಿನ ಬಾಗಿಲಿನಾಚೆ, ಗರಿಗರಿ ಅಂಗಿ ತೊಟ್ಟವನೊಬ್ಬ ಅವಳಿಗೆ ಏನೋ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ತಲೆ ವಾಲಿಸಿ, ಹಲ್ಲು ಕಾಣುವ ಹಾಗೆ. ಮದುವೆಯಾದ ಹೊಸದರಲ್ಲಿ ನನಗೆ ಸಿಗುತ್ತಿದ್ದ ನಗು ಅದು.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಹೊರಬಾಗಿಲ ಪಕ್ಕ ಪ್ರತಿ ಕೌಂಟರಿಗೂ ಒಂದೊಂದು ಡಬ್ಬಿ ಇಟ್ಟಿದ್ದರು. ಹಸಿರು ಗುಂಡಿಯ ಮೇಲೆ ನಗುವ ಮುಖ, ಕೆಂಪಿನ ಮೇಲೆ ಸಿಡುಕು ಮುಖ. ಕೌಂಟರಿನವರು ಹೇಗೆ ನಡೆದುಕೊಂಡರೆಂದು ಗಿರಾಕಿಗಳು ಹೋಗುವಾಗ ಒತ್ತಿ ಹೋಗಬೇಕು. ಬುತ್ತಿಯನ್ನು ಕಾವಲುಗಾರನ ಕೈಗಿಟ್ಟು, ಅವಳ ಡಬ್ಬಿಯ ಕೆಂಪು ಗುಂಡಿ ಒತ್ತಿದೆ. ಹಾಯೆನಿಸಿತು.

ಮರುದಿನ ಮತ್ತೆ ಹೋಗಿ ಗಾಜಿನಲ್ಲಿ ಇಣುಕಿದೆ. ಬೇರೆ ಗಿರಾಕಿ, ಅದೇ ನಗು. ಮತ್ತೆ ಕೆಂಪು. ಹೀಗೆ ಹನ್ನೆರಡು ದಿನ. ಕೆಲವು ದಿನ ಮೂರು ನಾಲ್ಕು ಸಲ ಒತ್ತಿದ್ದೂ ಉಂಟು.

ಒಂದು ಸಂಜೆ ಮನೆಯಲ್ಲಿ ಅವಳನ್ನು ಕೆಣಕಿದೆ. "ಇದ್ದಬದ್ದ ನಗೂನೆಲ್ಲ ಅಂಗಡೀಲೇ ಮಾರಿ ಬಂದ್ಯಾ? ತಳದಲ್ಲಿ ಉಳಿದಿದ್ದನ್ನಾದ್ರೂ ನಮಗೆ ಬಡಿಸು."

"ನಿಮಗೂ ನಗು ಬೇಕಾ?" ಎಂದಳು. ತುಟಿ ಅಗಲಿಸಿ ನಕ್ಕು ತೋರಿಸಿದಳು. ಕಣ್ಣು ಮಾತ್ರ ಸತ್ತ ಮೀನಿನ ಕಣ್ಣಿನಂತಿತ್ತು. ಮಗಳು ಎದ್ದು ಒಳಗೆ ಹೋದಳು.

ಆ ವಾರ ಅವಳಿಗೆ ಬೆಳಗಾದರೆ ತಲೆನೋವು. ನಿದ್ದೆಯಲ್ಲಿ ಕಟಕಟ ಹಲ್ಲು ಕಡಿದು ದವಡೆ ಬಾತುಕೊಂಡಿತ್ತು. ಒಂದು ದಿನ ತಟ್ಟೆ ದೂಡಿ ಹೇಳಿದಳು. "ನನಗೆ ಕೆಂಪು ಜಾಸ್ತಿ ಬೀಳ್ತಿದೆಯಂತೆ. ಇನ್ನೂ ಚೆನ್ನಾಗಿ ನಗು ಅಂದಿದ್ದಾರೆ. ತಿಂಗಳ ಕೊನೆಗೂ ಹೀಗೇ ಇದ್ರೆ ಕೆಲಸದಿಂದ ತೆಗೀತಾರೆ. ಇನ್ನು ಹೆಂಗೆ ನಗಲಿ? ಮುಖ ಹರಿದುಕೊಳ್ಳಲಾ?"

ನಾನು ಅವಳ ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದೆ. ಕಳ್ಳನ ಮನಸ್ಸು ಹುಳ್ಳಗೆ.

ಮರುದಿನ ಪಕ್ಕದ ಮನೆಯ ನರ್ಸಕ್ಕ ರಿಪೇರಿಗೆ ಸ್ಕೂಟರ್ ತಂದಳು. ತಡೆಯಲಾರದೆ ಅವಳ ಮುಂದೆ ಎಲ್ಲ ಕಕ್ಕಿದೆ, ಗುಂಡಿಯ ವಿಷಯವೊಂದನ್ನು ಬಿಟ್ಟು.

"ಕಂಡೋರಿಗೆಲ್ಲ ನಗು, ಗಂಡನಿಗೆ ಕಲ್ಲು. ಇದು ಯಾವ ನ್ಯಾಯ ಅಕ್ಕಾ?"

"ಅದು ನಗು ಅಂತ ನಿನಗ್ಯಾರು ಹೇಳಿದ್ರು?"

"ಕಣ್ಣಾರೆ ಕಂಡಿದ್ದೀನಿ."

"ಕಿವಿಯಾರೆ ಕೇಳಿದ್ಯಾ?" ಎಂದಳು. "ಅಲ್ಲಯ್ಯಾ, ಎಂಜಿನ್ ಕಾದು ಕೆಂಡ ಆಗಿರುತ್ತೆ. ಬಿಸಿ ತೋರಿಸೋ ಮುಳ್ಳನ್ನ ಯಾರೋ ತಣ್ಣಗಿದೆ ಅನ್ನೋ ಕಡೆ ಕಟ್ಟಿಹಾಕಿರ್ತಾರೆ. ಗಾಡಿ ಏನಾಗುತ್ತೆ?"

"ಸುಟ್ಟುಹೋಗುತ್ತೆ."

"ನಿನ್ನ ಹೆಂಡತಿ ಕೆಲಸ ಅದೇ. ಒಳಗೆ ಸಿಟ್ಟು, ಅವಮಾನ. ಹೊರಗೆ ನಗು. ದಿನಕ್ಕೆ ಎಂಟು ಗಂಟೆ ಹಿಂಗಿದ್ರೆ ತಲೆನೋವು ಬರುತ್ತೆ, ನಿದ್ದೆ ಹೋಗುತ್ತೆ. ಕೊನೆಗೆ ನಿಜವಾದ ಖುಷಿನೂ ಹತ್ತಿರ ಬರಲ್ಲ. ಮನೆಗೆ ಬಂದಾಗ ಪಾತ್ರೆ ಖಾಲಿ."

"ಕೂತ್ಕೊಂಡು ನಗೋದೂ ಒಂದು ಕಷ್ಟನಾ? ನಾನು ಗಾಡಿ ಕೆಳಗೆ ಮಲಗಿ ಮೈಯೆಲ್ಲ ಎಣ್ಣೆ ಮಾಡ್ಕೋತೀನಿ."

"ನೀನು ಗಿರಾಕಿ ಬೈದ್ರೆ ಸ್ಪ್ಯಾನರ್ ಎಸೀತೀಯ. ಅವಳೇನು ಎಸೆಯೋದು? ಹೋಗು, ಗಾಜಿನ ಒಳಗೆ ಹೋಗಿ ನಿಂತ್ಕೊಂಡು ಕೇಳು."

ಹೋದೆ. ಫ್ರಿಜ್ಜಿನ ಮರೆಯಲ್ಲಿ ನಿಂತೆ. ಅದೇ ಗರಿಗರಿ ಅಂಗಿಯವನು ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಕುಕ್ಕುತ್ತಿದ್ದ. "ನಿನ್ನಂಥ ದಡ್ಡೀನ ಯಾರು ಇಲ್ಲಿ ಕೂರಿಸಿದ್ದು? ಮನೇಲಿ ಮುಸುರೆ ತಿಕ್ಕೋಕೆ ಲಾಯಕ್ಕು." ನನ್ನ ಹೆಂಡತಿ ತಲೆ ವಾಲಿಸಿ ನಕ್ಕಳು. "ಕ್ಷಮಿಸಿ ಸರ್, ಈಗಲೇ ನೋಡ್ತೀನಿ." ಮೇಜಿನ ಕೆಳಗೆ ಅವಳ ಎಡಗೈ ಕಂಡಿತು. ಹೆಬ್ಬೆರಳಿನ ಉಗುರು ಅಂಗೈಗೆ ಇಳಿದಿತ್ತು.

ಈ ನಗುವಿಗಾಗಿ ನಾನು ಹನ್ನೆರಡು ದಿನ ಹೊಟ್ಟೆ ಸುಟ್ಟುಕೊಂಡಿದ್ದೆ.

ಅಲ್ಲಿಂದ ನೆಟ್ಟಗೆ ಮೇಲ್ವಿಚಾರಕನ ಕೋಣೆಗೆ ಹೋಗಿ ಒಪ್ಪಿಕೊಂಡೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹೆಂಡತಿಗೇ ಕೆಂಪು ಒತ್ತಿದ್ರಾ?"

"ಒತ್ತಿದೆ. ನನ್ನನ್ನ ಬೈಯಿರಿ. ಆದ್ರೆ ಅವಳನ್ನ ಬೈದೋರಿಗೂ ನೀವು ಇಲ್ಲಿ ಸಲಾಮು ಹೊಡೀತೀರಲ್ಲ, ಅದನ್ನೂ ನೋಡ್ಕೊಳ್ಳಿ."

ಆತ ನನ್ನ ಕೈಯಲ್ಲಿ ತಪ್ಪೊಪ್ಪಿಗೆ ಬರೆಸಿಕೊಂಡು ಆ ಹನ್ನೆರಡು ದಿನದ ಕೆಂಪನ್ನು ಲೆಕ್ಕದಿಂದ ಬಿಟ್ಟುಬಿಟ್ಟ. ಕೆಲಸ ಉಳಿಯಿತು.

ಸಂಜೆ ಹೆಂಡತಿಗೂ ಹೇಳಿದೆ. ಅವಳು ಚೀಲ ಕೆಳಗೆ ಹಾಕಿ ಬೈಯಲು ಶುರುಮಾಡಿದಳು. ನನ್ನ ಅಪ್ಪನಿಂದ ಹಿಡಿದು ನನ್ನ ಗೊರಕೆಯವರೆಗೆ ಯಾವುದನ್ನೂ ಬಿಡಲಿಲ್ಲ. ನರ್ಸಕ್ಕ ಬಾಗಿಲಿಗೆ ಬಂದವಳು ಕೈ ಸನ್ನೆ ಮಾಡಿದಳು, ತಡೀಬೇಡ ಎಂದು. ಬೈದು ಬೈದು ಅತ್ತಳು. ಅತ್ತಮೇಲೆ ನೀರು ಕುಡಿದು, "ಹಸಿವಾಗಿದೆ" ಎಂದಳು. ತಿಂಗಳಲ್ಲಿ ಮೊದಲ ಸಲ.

ನನಗೆ ಒಳಗೊಳಗೇ ಜಂಬ. ನಗು ಅಂಗಡಿಗೆ ಬಂದವರಿಗೆಲ್ಲ ಸಿಕ್ಕಿತ್ತು. ಆ ಬೈಗುಳ ನನಗೊಬ್ಬನಿಗೇ ಸಿಕ್ಕಿದ್ದು.

ಆಮೇಲೆ ನರ್ಸಕ್ಕನೂ ಹೆಂಡತಿಯೂ ಹೋಗಿ ಅಂಗಡಿಯಲ್ಲಿ ಮಾತಾಡಿದರು. ಈಗ ಅವಳಿಗೆ ಎರಡು ಗಂಟೆ ಕೌಂಟರು, ಎರಡು ಗಂಟೆ ಒಳಗೆ ದಾಸ್ತಾನಿನ ಕೆಲಸ. ಗಿರಾಕಿ ಬಾಯಿಗೆ ಬಂದಂತೆ ಬೈದರೆ ಮೇಲ್ವಿಚಾರಕನನ್ನು ಕರೆದು ಎದ್ದುಹೋಗಬಹುದು. ಮನೆಗೆ ಬಂದಮೇಲೆ ಕಾಲು ಗಂಟೆ ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಇದು ಮಗಳು ಮಾಡಿದ ಕಾನೂನು. ದವಡೆಗೆ ವೈದ್ಯರು ಔಷಧಿ ಕೊಟ್ಟಿದ್ದಾರೆ. ಬಾವು ಪೂರಾ ಇಳಿದಿಲ್ಲ, ಇಳಿಯುತ್ತಿದೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಹೀಗೆ ನಕ್ಕು ದುಡಿಯುವವರು ಇರಬಹುದು. ಕೌಂಟರಿನವರು, ಕಂಡಕ್ಟರು, ಆಸ್ಪತ್ರೆಯವರು, ಮೇಷ್ಟ್ರು. ಅವರು ಮನೆಗೆ ಬಂದಾಗ ನಗು ಕೇಳಬೇಡಿ, "ಇವತ್ತು ಯಾರು ಬೈದ್ರು?" ಎಂದು ಕೇಳಿ. ಹೇಳಿದರೆ ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳಿ. ನಿದ್ದೆ ಊಟ ಕೆಟ್ಟಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನೀವೇ ಆ ಕೆಲಸದಲ್ಲಿದ್ದರೆ ನುಂಗಿಕೊಂಡು ಕೂರಬೇಡಿ, ಜೊತೆಯವರನ್ನು ಸೇರಿಸಿಕೊಂಡು ಮೇಲಿನವರ ಮುಂದೆ ಬಾಯಿ ಬಿಡಿ. ಇನ್ನು ಗಿರಾಕಿಯಾಗಿ ಹೋದಾಗ ನಿಮಗೂ ಒಂದು ಡಬ್ಬಿ ಸಿಕ್ಕೀತು. ಬೆರಳು ಇಡುವ ಮೊದಲು ಎದುರು ಕೂತವರ ಮುಖ ಇನ್ನೊಮ್ಮೆ ನೋಡಿ. ಅದು ಯಾರದೋ ಮನೆಯ ಜೀವ.