ಹನ್ನೊಂದು ಪರದೆ, ಒಂದು ಹೆಸರು

ದಾಕ್ಷಾಯಣಿ ತಳವಾರಳಿಗೆ ಮೊಬೈಲ್ ಇರಲಿಲ್ಲ. ಅದಕ್ಕೇ ಅವಳು ದಿನವೂ ಒಂಬತ್ತು ಗಂಟೆಗೆ, ಎಲ್ಲರಿಗಿಂತ ಮೊದಲು, ಕಾಲೇಜಿನ ಲೈಬ್ರರಿಗೆ ಬರುತ್ತಿದ್ದಳು.

ನಾನು ಆ ಲೈಬ್ರರಿಯ ಫೈರ್‌ವಾಲ್. ಇಂಟರ್‌ನೆಟ್ ಬಾಗಿಲಲ್ಲಿ ಕೂತ ತಗಡಿನ ಡಬ್ಬಿ. ಕಾರ್ಖಾನೆಯಿಂದ ಮೊದಲು ಗದಗಿನ ಒಂದು ಹತ್ತಿ ಗಿರಣಿಯ ಆಫೀಸಿಗೆ ಹೋದೆ. ಅಲ್ಲಿ ಒಬ್ಬರಿಗೊಂದು ಕಂಪ್ಯೂಟರ್. ಹೆಸರು, ಪಾಸ್‌ವರ್ಡ್ ಕೇಳುತ್ತಿದ್ದೆ, ಬಾಗಿಲು ತೆಗೆಯುತ್ತಿದ್ದೆ, ಯಾರು ಏನು ನೋಡಿದರೆಂದು ಬರೆದಿಡುತ್ತಿದ್ದೆ. ಗಿರಣಿ ಮುಚ್ಚಿದಾಗ ನನ್ನನ್ನು ಕಾಲೇಜಿಗೆ ದಾನ ಕೊಟ್ಟರು. ಲೈಬ್ರರಿಯನ್ ಹುದ್ದಾರ ಅವರ ತಲೆಯ ಮೇಲಿನ ಗೋಡೆ ಹಲಗೆಯ ಮೇಲೆ ಕೂರಿಸಿದರು.

ಇಲ್ಲಿ ಪರದೆಗಳು ಹನ್ನೊಂದು. ಅವೆಲ್ಲದರ ಹಿಂದೆ ಇದ್ದದ್ದು ಮಾತ್ರ ಒಂದೇ ಕಂಪ್ಯೂಟರ್, ಒಂದೇ ಇಂಟರ್‌ನೆಟ್ ವಿಳಾಸ. ನಾನು ವಿಳಾಸ ನೋಡುವವನು, ಮುಖ ನೋಡುವವನಲ್ಲ. ಬೆಳಿಗ್ಗೆ ಮೊದಲು ಬಂದವರ ಹೆಸರು ಕೇಳುತ್ತಿದ್ದೆ. ಆಮೇಲೆ ಬಂದವರನ್ನು ಕೇಳುತ್ತಲೇ ಇರಲಿಲ್ಲ. ಸಂಜೆಯವರೆಗೆ ಎಲ್ಲವನ್ನೂ ಮೊದಲಿನ ಹೆಸರಿಗೇ ಬರೆಯುತ್ತಿದ್ದೆ. ಇದು ದಾಕ್ಷಾಯಣಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಯಾರೋ ಆ ಪರದೆಗಳಲ್ಲೊಂದರಿಂದ ಗಣಿತದ ಮೇಡಂ ಬಗ್ಗೆ ಹೊಲಸಾಗಿ ಬರೆದು ಹರಿಬಿಟ್ಟರು. ಪ್ರಿನ್ಸಿಪಾಲರು ನನ್ನ ದಾಖಲೆ ಪ್ರಿಂಟ್ ಮಾಡಿಸಿ, ದಾಕ್ಷಾಯಣಿಯನ್ನು ಲೈಬ್ರರಿಗೇ ಕರೆಸಿದರು. ಅವಳು ಅಳಲಿಲ್ಲ. ಹಾಳೆ ತಗೊಂಡು ಸಾಲು ಸಾಲಾಗಿ ಓದಿದಳು.

"ಸರ್, ಇಲ್ಲಿ ಒಂದ ನಿಮಿಷದಾಗ ಕ್ರಿಕೆಟ್ ಐತಿ, ಸಿನಿಮಾ ಐತಿ, ರೈಲ್ವೆ ಟೈಮಿಂಗ್ ಐತಿ, ಈ ಹೊಲಸೂ ಐತಿ. ಒಬ್ಬಾಕಿ ಇಷ್ಟೆಲ್ಲಾ ಹ್ಯಾಂಗ ನೋಡ್ತಾಳ್ರಿ?"

"ಮನಷ್ಯಾರು ಸುಳ್ಳ ಹೇಳ್ತಾರವಾ. ಮಷಿನ್ ಹೇಳಂಗಿಲ್ಲ," ಎಂದರು ಪ್ರಿನ್ಸಿಪಾಲರು.

ಅವರು ಹೇಳಿದ ಮಷಿನ್ ನಾನು. ಹಾಳೆಯ ಮೇಲಿದ್ದದ್ದು ನನ್ನದೇ ಬರಹ. ನನ್ನ ಹಸಿರು ದೀಪ ಎಂದಿನಂತೆ ಮಿನುಗುತ್ತಿತ್ತು. ಅವಳು ಒಮ್ಮೆ ನನ್ನತ್ತ ನೋಡಿದಳು. ಹುದ್ದಾರ ಅವರು ಕ್ಯಾಟಲಾಗ್ ಕಾರ್ಡು ಜೋಡಿಸುತ್ತ ಕೂತರು. ಹನ್ನೊಂದು ಪರದೆಗೂ ದಿನವಿಡೀ ಜನ ಬರುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಮುಂದಿನ ವಾರ ಅವಳನ್ನು ಹಾಸ್ಟೆಲ್ಲಿನಿಂದ ತೆಗೆದರು. ಕೊನೆಯ ಸೆಮಿಸ್ಟರಿನ ಪರೀಕ್ಷೆಗೂ ಕೂರಿಸಲಿಲ್ಲ. ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ.

ಜೂನ್‌ನಲ್ಲಿ ಹೊಸ ಡಬ್ಬಿ ಹಾಕಲು ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದ. ನನ್ನ ಸೆಟ್ಟಿಂಗ್ ತೆರೆದು ನೋಡಿ ನಕ್ಕ.

"ಒಂದ ಕಂಪ್ಯೂಟರ್‌ಗೆ ಭಾಳ ಮಂದಿ ಕುಂತ್ರ ಒಬ್ಬೊಬ್ಬರನ್ನೂ ಬ್ಯಾರೆ ಕೇಳಾಕ ಇಲ್ಲೊಂದು ಟಿಕ್ ಹಾಕಬೇಕ್ರಿ ಸರ. ಇಷ್ಟ ವರ್ಷ ಯಾರೂ ಹಾಕಿಲ್ಲ."

ಹುದ್ದಾರ ಅವರು ಕಾರ್ಡುಗಳ ಡ್ರಾಯರ್ ಮುಚ್ಚಿದರು. "ಈಗ ಆ ಮಾತ್ಯಾಕ ಬಿಡಪಾ," ಎಂದರು.

ಈಗ ನಾನು ಸ್ಟೋರ್‌ ರೂಮಿನಲ್ಲಿ, ಮುರಿದ ಬೆಂಚುಗಳ ಕೆಳಗೆ ಇದ್ದೇನೆ. ಆ ಬರಹ ಯಾರದೆಂದು ನನಗೆ ಇವತ್ತಿಗೂ ತಿಳಿಯದು. ತಿಳಿದಿರುವುದು ಕಳೆದದ್ದರ ಲೆಕ್ಕ ಮಾತ್ರ. ಹಾಸ್ಟೆಲ್ ಸೀಟು ಒಂದು. ಕೊನೆಯ ವರ್ಷದ ಸೆಮಿಸ್ಟರ್ ಒಂದು. ವಿದ್ಯಾರ್ಥಿನಿ ಒಬ್ಬಳು.